ದಧಿರಾಮನ ಸೂತಕ

ಖೇಮರಾಜ್ ಅಧಿಕಾರಿ ಎರಡು ವರ್ಷದಿಂದ ವಾರದ ರಜೆಯಾದ ಶನಿವಾರ ಶನಿವಾರ ಚರ್ಚಿಗೆ ಹೋಗುತ್ತಿದ್ದ. ಅವನಿದ್ದ ಪೇಟೆ ನಾರಾಯಣಘಾಟಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಲಮ್ಜುಂಗಿನ ಊರಲ್ಲಿದ್ದ ಅಮ್ಮನಿಗೆ, ಅಲ್ಲಿನ ನೆಂಟರಿಗೆ ಮಾತ್ರ. ದಶೈಂ ಹಬ್ಬಕ್ಕೆ ಹೋದರೆ ಆಕೆ ಮೊಸರು, ಅಕ್ಕಿ, ಕುಂಕುಮ ಕಲಸಿ ಹಣೆಗೆ ಟಿಕಾ ಹಚ್ಚುತ್ತಾಳೆ. ಹಚ್ಚಿಸಿಕೊಂಡರೆ ಹೊಸ ದೇವರಿಗೆ ದ್ರೋಹ, ಒಲ್ಲೆನೆಂದರೆ ಎಪ್ಪತ್ತೆಂಟರ ಅಮ್ಮನ ಎದೆ ಒಡೆಯುತ್ತದೆ. ಅದಕ್ಕೇ ಗದ್ದಲವೆಲ್ಲ ಮುಗಿದಿರಲಿ ಎಂದು ಅವನು ಹಬ್ಬದ ಕೊನೆಯ ದಿನ, ಹುಣ್ಣಿಮೆಯ ಬೆಳಿಗ್ಗೆ ಊರಿಗೆ ಬಂದ.

ಅಮ್ಮ ಬಟ್ಟಲು ಹಿಡಿದು ಅಂಗಳದಲ್ಲೇ ಕಾದಿದ್ದಳು. "ಐದು ದಿನದಿಂದ ದಿನಾ ಹೊಸದಾಗಿ ಕಲಸ್ತಿದೀನಿ. ಬಾ ಕಾಂಛಾ, ಕೂತ್ಕೋ" ಎಂದು ಕಿರಿಮಗನನ್ನು ಕರೆದಳು.

ಯೋಚನೆಗಿಂತ ಮುಂಚೆ ಮಾತು ಹೊರಬಿತ್ತು. "ಬೇಡಮ್ಮಾ, ಸೂತಕ. ಝಾಪಾದ ದಧಿರಾಮಣ್ಣ ಹೋಗ್ಬಿಟ್ಟ."

ದಧಿರಾಮ ದೂರದ ದಾಯಾದಿ. ಹತ್ತು ವರ್ಷದಿಂದ ಯಾವ ಹಬ್ಬದಲ್ಲೂ ಖೇಮರಾಜ್ ಅವನ ಮುಖ ಕಂಡಿರಲಿಲ್ಲ. ಕೊಲ್ಲುವುದಕ್ಕೆ ಇಷ್ಟು ಅನುಕೂಲದ ಮನುಷ್ಯ ಮತ್ತೊಬ್ಬನಿರಲಿಲ್ಲ. ಆದರೆ ಸೂತಕವೆಂಬುದು ಒಬ್ಬನಿಗೇ ಬರುವ ಹಲ್ಲುನೋವಲ್ಲ, ಇಡೀ ಕುಲಕ್ಕೆ ತಟ್ಟುತ್ತದೆ ಎಂಬುದನ್ನು ಪುಣ್ಯಾತ್ಮ ಮರೆತಿದ್ದ.

ಅಮ್ಮ ಬಟ್ಟಲು ಕೆಳಗಿಟ್ಟು, ಬೆಟ್ಟದ ದಾರಿಯನ್ನೇ ನೋಡುತ್ತ ಅತ್ತಳು. ಪಕ್ಕದ ಮನೆಯ ಖಡಾನಂದ ಕಾಕಾ ಬಂದು ಬೆರಳೆಣಿಸಿ, ಏಳು ತಲೆಮಾರಿನ ಒಳಗಿನವನು, ಹದಿಮೂರು ದಿನ ಎಂದು ತೀರ್ಪು ಕೊಟ್ಟ. ಹನ್ನೊಂದು ಮನೆಗಳಲ್ಲಿ ಹಬ್ಬ ನಿಂತಿತು. ಒಲೆಯ ಮೇಲೆ ಕುದಿಯುತ್ತಿದ್ದ ಆಡಿನ ಮಾಂಸ, ಬೇರೆ ಕುಲದವಳಾದ ಗುರುಂಗರ ಮನಮಾಯಾಳ ಪಾಲಾಯಿತು. ಆಕೆ ದುಃಖದ ಮುಖ ಮಾಡಿಕೊಂಡೇ ಪಾತ್ರೆ ಹೊತ್ತುಕೊಂಡು ಹೋದಳು. ಖೇಮರಾಜನನ್ನು ಕೊಳಾಯಿಯ ತಣ್ಣೀರಿನ ಕೆಳಗೆ ಕೂರಿಸಿದರು.

ಆಮೇಲೆ ಪ್ರಶ್ನೆಗಳು. ಹೇಗೆ ಸತ್ತ, ಯಾರು ಕೊಳ್ಳಿ ಇಟ್ಟರು, ಕೊನೆಗೆ ಏನು ಬೇಡಿದ. ಎದೆನೋವು ಎಂದ, ಮಗ ಎಂದ, ನೀರು ಎಂದ. ದಧಿರಾಮನಿಗೆ ಇರುವವರೆಲ್ಲ ಹೆಣ್ಣುಮಕ್ಕಳೇ ಎಂದು ಯಾರೋ ನೆನಪಿಸಿದಾಗ ಅಳಿಯ ಎಂದು ತಿದ್ದಿದ. ಕಾಕಾನಿಗೆ ಅನುಮಾನ ಬಂದು ಸತ್ತವನ ನಂಬರಿಗೇ ಫೋನ್ ಹಚ್ಚಿದ. ಸ್ವಿಚ್ ಆಫ್.

"ಪಾಪ, ನಿಜವೇ" ಎಂದ ಕಾಕಾ.

ಮಧ್ಯಾಹ್ನ ಎಲ್ಲರೂ ಉಪ್ಪಿಲ್ಲದ ಅನ್ನದ ಮುಂದೆ ಕೂತಿದ್ದಾಗ, ಕಿತ್ತಳೆಯ ಚೀಲ ಹಿಡಿದು ದಧಿರಾಮ ಬೆಟ್ಟ ಹತ್ತಿ ಬಂದ. ಬಸ್ಸಿನಲ್ಲೇ ಫೋನಿನ ಬ್ಯಾಟರಿ ಮುಗಿಯಿತು, ನೀವೆಲ್ಲ ಯಾಕೆ ಹೀಗೆ ನೋಡುತ್ತೀರಿ ಎಂದು ಕೇಳಿದ.

ಅಮ್ಮ ಅವನ ಕೆನ್ನೆ, ಭುಜ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ತಲೆಯ ಮೇಲೆ ಬರಿಗೈ ಇಟ್ಟು ಹರಸಿದಳು. ಟಿಕಾದ ಬಟ್ಟಲನ್ನು ಮುಟ್ಟಲಿಲ್ಲ. ಖೇಮರಾಜ್ ತನಗೆ ಬೀಳಬೇಕಿದ್ದ ಬೈಗುಳವನ್ನೂ ಮರೆತು, ಅವನಿಗೇಕೆ ಟಿಕಾ ಇಲ್ಲ ಎಂದು ಕೇಳಿದ.

"ಅವನು ಚರ್ಚಿನವನಲ್ವಾ? ಹತ್ತು ವರ್ಷದ ಹಿಂದೆ ನನ್ನೆದುರು ಕೂತು ಹೇಳ್ದ. ಅವತ್ತಿಂದ ಜನ ಕಮ್ಮಿಯಾದ ಮೇಲೆ, ಹುಣ್ಣಿಮೆ ದಿನ ಬರ್ತಾನೆ. ದೇವರು ಯಾರಾದ್ರೇನು, ತಲೆ ನಮ್ಮ ಮನೇದೇ ತಾನೆ."

ಖೇಮರಾಜನ ಕಣ್ಣು ತುಂಬಿ ಬಂತು. ಇಷ್ಟು ಸುಲಭವಿತ್ತೇ ಎನಿಸಿತು. "ಅಮ್ಮಾ, ನಾನೂ ಚರ್ಚಿಗೆ ಹೋಗ್ತೀನಿ. ಎರಡು ವರ್ಷ ಆಯ್ತು."

ಮೊದಲು ಕಾಕಾ ನಕ್ಕ, ಆಮೇಲೆ ಎಲ್ಲರೂ ನಕ್ಕರು.

"ಚಿಕ್ಕಂದಿನಲ್ಲೂ ಹೀಗೇ, ಟಿಕಾದ ಮೊಸರು ತಣ್ಣಗಿರುತ್ತೆ ಅಂತ ಅಟ್ಟ ಹತ್ತಿ ಕೂರ್ತಿದ್ದ" ಎಂದಳು ಅಮ್ಮ. "ಬೆಳಿಗ್ಗೆ ಅವನನ್ನ ಸಾಯಿಸ್ದೆ, ಈಗ ಅವನ ದೇವರನ್ನೂ ಕಿತ್ಕೋತೀಯಾ? ಇನ್ನೊಂದು ಸುಳ್ಳು ಹೇಳಿದ್ರೆ ನೋಡು."

ಖೇಮರಾಜ್ ದೀನನಾಗಿ ದಧಿರಾಮನ ಕಡೆ ನೋಡಿದ.

ದಧಿರಾಮ ಕಿತ್ತಳೆ ಸುಲಿಯುತ್ತ, "ಕೊಂದವನ ಪರ ಹೆಣ ಸಾಕ್ಷಿ ಹೇಳುತ್ತದೇನಪ್ಪಾ?" ಎಂದ.

ಅಮ್ಮ ಐದು ದಿನದ ಬಾಕಿಯೆಲ್ಲ ತೀರುವಂತೆ ಎರಡೂ ಕೈಯಲ್ಲಿ ಖೇಮರಾಜನ ಹಣೆಗೆ ಟಿಕಾ ಮೆತ್ತಿದಳು. ಹುಬ್ಬಿನಿಂದ ಮೊಸರು ಇಳಿಯುತ್ತಿದ್ದಾಗ ಮನಮಾಯಾ ಬಂದು ಮಾಂಸದ ಪಾತ್ರೆ ವಾಪಸ್ಸು ಕೊಟ್ಟಳು. ಚೆನ್ನಾಗಿ ತೊಳೆದು ತಂದಿದ್ದಳು.