ಅತ್ತೆಯ ಸೋಬಾನೆಗೆ ನನ್ನ ವಿಡಿಯೋ ಕ್ಯಾಮೆರಾ

ಹೊಸ ಯಂತ್ರವೊಂದು ಕೈಗೆ ಬಂದರೆ ಸಾಕು, ನಮ್ಮ ಮನೆಯಲ್ಲಿ ನಗೆಪಾಟಲಿಗೆ ಬರವಿಲ್ಲ.

ಗುಬ್ಬಿಯಲ್ಲಿರುವ ನಮ್ಮತ್ತೆಗೆ ನೂರಾರು ಸೋಬಾನೆ ಪದ ಬಾಯಿಪಾಠ. ಒಂದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಅವರ ಜೊತೆಗೇ ಅವೂ ಹೋಗಬಾರದೆಂದು, ಕುಣಿಗಲ್‌ನಲ್ಲಿ ಟೀಚರಾಗಿದ್ದ ನಾನು ನನ್ನ ಸಂಬಳದಲ್ಲೇ ಕ್ಯಾಮೆರಾ ಕೊಳ್ಳಲು ಹೊರಟೆ.

ಅಂಗಡಿಯಲ್ಲಿ

ತುಮಕೂರಿನ ಅಂಗಡಿಯವನು ವಿವರಣೆಯನ್ನೆಲ್ಲ ನನ್ನ ಯಜಮಾನರಿಗೇ ಕೊಡುತ್ತಿದ್ದ. ಕಂಪ್ಯೂಟರಿಗೆ ಜೋಡಿಸೋ ವೈರ್ ಇದೆಯಾ ಎಂದು ನಾನು ಕೇಳಿದರೆ ಉತ್ತರ ಅವರಿಗೆ. ಕೊನೆಗೆ, ಮೇಡಂಗೆ ಇದೆಲ್ಲ ಕಷ್ಟ ಎಂದು ಕ್ಯಾಮೆರಾವನ್ನೂ ಅವರ ಕೈಗೇ ಕೊಟ್ಟ. ಇವರು ಗಂಭೀರವಾಗಿ ಕಣ್ಣಿಗಿಟ್ಟುಕೊಂಡು, ಏನೂ ಕಾಣ್ತಿಲ್ಲವಲ್ಲ ಎಂದರು. ನೋಡುತ್ತಿದ್ದುದು ಲೆನ್ಸಿನ ಕಡೆಯಿಂದ. ಆಮೇಲೆ ಅಂಗಡಿಯವನು ನನ್ನ ಜೊತೆ ಮಾತ್ರ ಮಾತಾಡಿದ.

ಗುಬ್ಬಿಯಲ್ಲಿ

ನಾದಿನಿಯ ಅರಿಶಿನದ ಶಾಸ್ತ್ರ. ಕ್ಯಾಮೆರಾ ಎತ್ತಿದ್ದೇ ತಡ, ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

"ಬುಡಮ್ಮ, ಆ ಮಿಷನ್ ಮುಂದೆ ನಂಗೆ ಗಂಟ್ಲೇ ಏಳಲ್ಲ."

ಅರ್ಧ ಗಂಟೆ ಕಾದು, ಸೋತು, ಆಫ್ ಮಾಡಿ ಕುತ್ತಿಗೆಗೆ ನೇತುಹಾಕಿಕೊಂಡೆ. ತಕ್ಷಣ ಒಂದರ ಹಿಂದೊಂದು ಪದ ಹೊರಟವು. ಮತ್ತೆ ಎತ್ತಿದರೆ ನಿಲ್ಲಿಸಿಬಿಡುತ್ತಾರೆಂದು ಹಾಗೇ ಕೇಳುತ್ತಾ ಕೂತೆ.

ಮನೆಗೆ ಬಂದು ನೋಡಿದರೆ ನಾನು ಆಫ್ ಮಾಡಿಯೇ ಇರಲಿಲ್ಲ. ಹಾಡು ಪೂರ್ತಿ ಸಿಕ್ಕಿತ್ತು, ಚಿತ್ರದಲ್ಲಿ ಮಾತ್ರ ಬರೀ ಕಾಲುಗಳು. ಗಮನವಿಟ್ಟು ಕೆಲಸ ಮಾಡಿ ಎಂದು ದಿನಾ ಮಕ್ಕಳಿಗೆ ಹೇಳುವ ಟೀಚರ್ ನಾನು.

ತುಮಕೂರು ಸದಾಶಿವನಗರದ ನಮ್ಮ ಮನೆಯಲ್ಲಿ

ಕ್ಯಾಮೆರಾದ ಟೇಪನ್ನು ಸಿಡಿಗೆ ಇಳಿಸಬೇಕಿತ್ತು. ನಮ್ಮದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಒಂದು ಸಲ ಕರೆಂಟು ಹೋಯಿತು, ಇನ್ನೊಂದು ಸಲ ಮಿಕ್ಸಿ ಹಾಕಿದ್ದಕ್ಕೆ ನಿಂತಿತು, ಮೂರನೇ ಸಲ ಒಳಗೆ ಜಾಗವೇ ಇಲ್ಲವೆಂದಿತು. ಯಜಮಾನರ ಇಸ್ಪೀಟಾಟವನ್ನೆಲ್ಲ ಅಳಿಸಿ ಜಾಗ ಮಾಡಿದೆ.

ಆಗ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಟೇಪಿನಲ್ಲಿ ತಮ್ಮ ಹಾಡಿರುವುದು ಅವರಿಗೆ ಗೊತ್ತಿಲ್ಲ, ಮಗಳ ಮದುವೆಯದ್ದು ಅಂತಷ್ಟೇ ಗೊತ್ತು. ನಾಲ್ಕನೇ ಸಲ ತಾವೇ ಬಾಗಿಲಲ್ಲಿ ಕಾವಲು ಕೂತರು. ಪಕ್ಕದ ಮನೆಯವರು ಬಂದರೆ, "ಮೆತ್ಗೆ ಮಾತಾಡವ್ವ, ಒಳಗೆ ಕಂಪ್ಯೂಟರ್ ಹೆರ್ತಾ ಐತೆ" ಎಂದರು. ಆಕೆ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸಾದರು.

ನೆಂಟರ ಮುಂದೆ

ಸಿಡಿ ಹಾಕಿ ನೆಂಟರನ್ನೆಲ್ಲ ಕೂರಿಸಿದೆವು. ಮುಖವೇ ಇಲ್ಲದ ವಿಡಿಯೋ ನೋಡಿ ನಗುತ್ತಾರೆಂದು ಹೆದರಿದ್ದೆ. ಅವರೋ, ಒಡೆದ ಹಿಮ್ಮಡಿ ಕಂಡರೆ ದೊಡ್ಡತ್ತೆ, ಕಾಲುಂಗುರ ಕಂಡರೆ ಚಿಕ್ಕತ್ತೆ ಎಂದು ಗುರುತು ಹಿಡಿಯುತ್ತಾ ಕೂತರು. ಹಾಡು ಶುರುವಾದಾಗ ಎಲ್ಲರೂ ಮುಂದಕ್ಕೆ ಸರಿದು ಕೂತರು. ಆವತ್ತು ಆದ ಹೆಮ್ಮೆ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಅತ್ತೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಕದ್ದು ಹಿಡಿದಳೆಂದು ಬೈಯುತ್ತಾರೇನೋ ಎಂದು ನಾನು ಕಾದೆ. ಸೆರಗು ಸರಿಮಾಡಿಕೊಂಡು, ತಲೆ ನೀವಿಕೊಂಡು, ನನ್ನ ಕಡೆ ತಿರುಗಿದರು.

"ಎರಡ್ನೇ ಪದದಾಗೆ ಒಂದು ನುಡಿ ಬಿಟ್ಬುಟ್ಟಿದೀನಿ ಕಣಮ್ಮ. ತತ್ತಾ ನಿನ್ ಮಿಷನ್ನ. ಈ ಸಲ ಮುಖ ಹಿಡಿ."