ನನ್ನ ಗುಳಿಗೆ, ಅತ್ತೆಯ ನಿದ್ದೆ

ಗುಳಿಗೆ ಬಿಳಿ, ತುಸು ಉದ್ದ. ನಡುವೆ ಉಗುರಿನಿಂದ ಎಳೆದಂಥ ಒಂದು ಗೀರು. ಬೆಳಗ್ಗೆ ತಿಂಡಿಯ ನಂತರ ನುಂಗಿದರೆ ಹಗಲೆಲ್ಲ ಎಚ್ಚರವಾಗಿರಬಹುದು; ಇರದೆಯೂ ಇರಬಹುದು. ಜನರೆಲ್ಲ ನಿದ್ದೆ ಬರಲೆಂದು ಔಷಧ ಹುಡುಕುವಾಗ ಬಾರದಿರಲೆಂದು ಹುಡುಕಿದವಳು ನಾನು. ಇಂಥದ್ದನ್ನೆಲ್ಲ ಹೇಳಿಕೊಳ್ಳುವುದು ನನ್ನ ಸ್ವಭಾವವಲ್ಲ. ಆದರೆ ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೆದುರೇ ನಿದ್ದೆ ಹೋದವಳಿಗೆ ಗುಟ್ಟು ಉಳಿಯುವುದಾದರೂ ಎಲ್ಲಿ? ಮಡಕಶಿರಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಪರೀಕ್ಷೆಯ ಕಾವಲಿಗೆ ಕೂತಲ್ಲೇ ಕಣ್ಣು ಮುಚ್ಚಿದಾಗ, ಮಕ್ಕಳು ನನ್ನನ್ನು ಎಬ್ಬಿಸದಷ್ಟು ಸಭ್ಯತೆ ತೋರಿದರು. ಪ್ರಿನ್ಸಿಪಾಲರು ತೋರಲಿಲ್ಲ.

ಇದು ಸೋಮಾರಿತನವಲ್ಲ, ನಾರ್ಕೊಲೆಪ್ಸಿ ಎಂಬ ಕಾಯಿಲೆ ಎಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೇಳಿದರು. ಎಚ್ಚರದ ಗುಳಿಗೆಯ ಅಧ್ಯಯನಕ್ಕೂ ಸೇರಿಸಿಕೊಂಡರು. ಕೆಲವರಿಗೆ ನಿಜವಾದ ಗುಳಿಗೆ, ಕೆಲವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ತಿಳಿದಿರಬಾರದು. ವಾರಕ್ಕೊಮ್ಮೆ ಆಸ್ಪತ್ರೆಯ ಹುಡುಗಿ ಫೋನ್ ಮಾಡಿ, ಹಗಲು ನಿದ್ದೆ ಮಾಡಿದಿರಾ ಎಂದು ಕೇಳುತ್ತಾಳೆ, ಸತ್ಯವನ್ನೇ ಹೇಳಬೇಕು. ಇಷ್ಟನ್ನು ಅಮ್ಮನಿಗೆ ವಿವರಿಸಿದೆ.

"ಡಾಕ್ಟ್ರಿಗೇ ಗೊತ್ತಿಲ್ವಂತಾ? ಹಂಗಾದ್ರೆ ಅಷ್ಟು ದೂರ ಯಾಕೋಗ್ಬೇಕಿತ್ತು? ಗೊತ್ತಿಲ್ದೋರು ನಮ್ಮೂರಾಗೇ ಬೇಕಾದಷ್ಟು ಜನ ಅವ್ರಲ್ಲ."

ನನ್ನ ಗುಳಿಗೆ ನಿಜವೋ ಹುಸಿಯೋ, ನನಗಂತೂ ಎಚ್ಚರ ಬಂತು. ದಸರಾ ರಜೆಗೆ ರಾಯದುರ್ಗದ ಅತ್ತೆಯ ಮನೆಗೆ ಹೊರಟಾಗ, ಚಿಕ್ಕಂದಿನಿಂದ ಓಡಾಡಿದ ಆ ದಾರಿಯನ್ನು ಮೊದಲ ಬಾರಿ ನೋಡಿದೆ. ಅತ್ತೆ, ಎಂದರೆ ಅಪ್ಪನ ಅಕ್ಕ, ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುತ್ತಾಳೆ. ಆ ಮೆಷಿನ್ನಿನ ಸದ್ದೇ ನನ್ನ ಜೋಗುಳ. ಹೊಲಿಯದ ಬಟ್ಟೆಯ ರಾಶಿಯ ಮೇಲೆ ಬಿದ್ದುಕೊಂಡರೆ ಏಳುವಾಗ ಕೆನ್ನೆಗೆ ನೀಲಿ ಹತ್ತಿರುತ್ತಿತ್ತು. ಸೆರಗಿನ ತುದಿ ಒದ್ದೆ ಮಾಡಿ ಅತ್ತೆ ಒರೆಸುತ್ತಿದ್ದಳು. ಆ ನಿದ್ದೆಗಳನ್ನು ನೆನೆದರೆ, ಕಾಯಿಲೆಯನ್ನು ಬೈಯಲು ಇಂದಿಗೂ ನಾಲಗೆ ಏಳದು.

ಅತ್ತೆಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ನಾನು ಬಂದಾಗ ಮಾತ್ರ, ಮಧ್ಯಾಹ್ನ ನನ್ನ ಪಕ್ಕ ಚಾಪೆ ಹಾಸಿ ಚೆನ್ನಾಗಿ ಮಲಗುತ್ತಾಳೆ. ಈ ಸಲ ನಿಜ ಗುಳಿಗೆ, ಹುಸಿ ಗುಳಿಗೆಯ ಕಥೆಯನ್ನೆಲ್ಲ ಅವಳಿಗೆ ಹೇಳಿ, ನಾನು ಪುಸ್ತಕ ಹಿಡಿದು ಕೂತೆ. ಅವಳು ಹೊರಳಾಡಿ ಹೊರಳಾಡಿ ಎದ್ದು, ಉರಿಯುವ ಕಣ್ಣಿನಲ್ಲೇ ಮೆಷಿನ್ನಿಗೆ ಕೂತು, ಹಿಂದಿನ ಜೇಬನ್ನು ಮೊಣಕಾಲಿಗೆ ಹೊಲಿದಳು.

"ನಿನಗ ಗುಳಿಗಿ ಕೊಟ್ಟು ನನ್ನ ನಿದ್ದಿ ಕಸಗೊಂಡಾರ ನೋಡವ್ವ. ಒಂದಿನ ಬಿಟ್ರ ಏನಾಗ್ತದ?"

"ಬಿಡೋ ಹಾಗಿಲ್ಲ ಅತ್ತೆ. ಅಧ್ಯಯನ ಕೆಡುತ್ತೆ."

"ಪ್ಯಾಂಟ್ ಕೆಟ್ಟಿದ್ದು ಕೇಳೋರು ಯಾರೂ ಇಲ್ಲೇನು?"

ಮರುದಿನ ಗುಳಿಗೆ ನುಂಗಿಯೇ, ಮಧ್ಯಾಹ್ನ ಅವಳ ಪಕ್ಕ ಮಲಗಿ ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಕಾಲಿನ ಮೇಲೆ ಹೊದಿಕೆ ಬಂತು. ಆಮೇಲೆ ಮೂಗಿನ ಕೆಳಗೆ ಒಂದು ಬೆರಳು. ಮೆಷಿನ್ನಿನ ಎಣ್ಣೆಯ ವಾಸನೆ. ಉಸಿರು ಆಡುತ್ತಿದೆಯೇ ಎಂದು ನೋಡುತ್ತಿದ್ದಳು. ಎಲ್ಲೆಂದರಲ್ಲಿ ಕುಸಿದು ಮಲಗುವ ಹುಡುಗಿಯ ಪಕ್ಕ ಅವಳು ಎಷ್ಟು ವರ್ಷ ಹೀಗೆ ಬೆರಳು ಹಿಡಿದಿದ್ದಳೋ! ಅಷ್ಟೂ ಸಲ ನಾನು ನಿದ್ದೆಯಲ್ಲಿದ್ದೆ. ಸೀನು ತಡೆದುಕೊಂಡು ಒಂದೇ ಸಮನೆ ಉಸಿರಾಡಿದೆ. ಬೆರಳು ಸರಿಯಿತು, ಗೊರಕೆ ಶುರುವಾಯಿತು.

ಸಂಜೆ ಎದ್ದ ಅತ್ತೆಯ ಮುಖ ತೊಳೆದಂತಿತ್ತು. "ನಿಂದು ಹುಸಿ ಗುಳಿಗೀನ ಬಿಡು! ಹೆಂಗ ಮಕ್ಕೊಂಡಿದ್ದಿ, ಬಾಯಿ ತಕ್ಕೊಂಡು!" ನಾನು ಬಾಯಿ ತೆರೆದಿರಲಿಲ್ಲ. ಹಾಗೆಂದು ಹೇಳುವಂತೆಯೂ ಇರಲಿಲ್ಲ.

ಮರುದಿನ ಬೆಳಗ್ಗೆ ಆಸ್ಪತ್ರೆಯ ಫೋನ್ ಬಂತು. ಅತ್ತೆ ಮೆಷಿನ್ ನಿಲ್ಲಿಸಿ ಕಿವಿಗೊಟ್ಟಳು.

"ಹಗಲು ನಿದ್ದೆ ಮಾಡಿದ್ರಾ ಮೇಡಂ?"

ಅತ್ತೆಯ ಕಡೆ ನೋಡದೆ, "ಇಲ್ಲ, ಮಲಗಿದ್ದೆ ಅಷ್ಟೆ" ಎಂದೆ.

"ಗುಳಿಗೆಯಿಂದ ಬೇರೆ ಏನಾದರೂ ಪರಿಣಾಮ?"

ಒಂದನ್ನೂ ಮುಚ್ಚಿಡಬಾರದಲ್ಲ. "ನಮ್ಮತ್ತೆಗೆ ನಿದ್ದೆ ಬಂತು" ಎಂದೆ.

ಆ ಕಡೆಯಿಂದ ಗಾಬರಿಯ ದನಿ: "ಅವರೂ ಗುಳಿಗೆ ತಗೊಂಡ್ರಾ?"

ಅವಳಿಗೆ ಸಮಾಧಾನ ಹೇಳಿ ಫೋನಿಟ್ಟೆ. ಅತ್ತೆ ನನ್ನನ್ನೇ ನೋಡುತ್ತಿದ್ದಳು.

"ಕಳ್ಳಿ," ಎಂದಳು. ಸೂಜಿಗೆ ದಾರ ಪೋಣಿಸುತ್ತಾ, ತಲೆಯೆತ್ತದೆ ಕೇಳಿದಳು: "ಇವತ್ತೂ ಮಕ್ಕೋತಿ ಏನು, ಸುಳ್ಳೇ ಆದ್ರೂ?"

ನಾನು ಎರಡೂ ಚಾಪೆಗಳನ್ನು ಕೊಡವಿ, ಹಿತ್ತಲಿನ ಬಿಸಿಲಿಗೆ ಹಾಕಿ ಬಂದೆ.