ಕ್ಯಾರಿಯರ್ ಖಾಲಿ ಇಲ್ಲ

ನಮ್ಮ ಸೋದರಮಾವನನ್ನು ಯಾರಾದರೂ ನಿಧಾನಸ್ಥ ಎಂದರೆ ನಾನು ಒಪ್ಪುವುದಿಲ್ಲ. ನಿಧಾನ ಎನ್ನುವುದು ಚಲಿಸುವವರ ಗುಣ. ಮಾವನಾದರೋ, ತಮ್ಮ ಹಳೆಯ ಸೈಕಲ್ಲಿಗೆ ಯಾವ ಕರೆಂಟು ಕಿಟ್ ಹಾಕಿಸುವುದು ಎಂಬ ಪ್ರಶ್ನೆಯ ಮುಂದೆ ಎರಡು ವರ್ಷ ನಿಂತಲ್ಲೇ ನಿಂತಿದ್ದರು! ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಒಂದು ಮದುವೆಯಾಗಿ, ಗಂಡ ಹೆಂಡತಿ ಜಗಳವಾಡಿ ದೂರಾಗಿ, ಮತ್ತೆ ಒಂದಾಗಿ, ಅವರ ಮಗುವಿಗೆ ನಾಮಕರಣವೂ ಮುಗಿದಿತ್ತು.

ಕಿಟ್ ಎಂದರೆ ಏನೋ ಎಂತೋ ಎಂದು ಹೆದರಬೇಡಿ. ಇರುವ ಸೈಕಲ್ಲಿಗೇ ಒಂದು ಮೋಟಾರು, ಒಂದು ಬ್ಯಾಟರಿ, ಹ್ಯಾಂಡಲ್ಲಿಗೆ ಒಂದು ಸ್ವಿಚ್ಚು ಜೋಡಿಸಿಕೊಡುತ್ತಾರೆ. ಅಷ್ಟೇ. ಇದನ್ನು ಆರಿಸಲು ಎರಡು ವರ್ಷ ಬೇಕೇ ಎಂದು ಕೇಳುವವರು ನಮ್ಮ ಮಾವ ಬದನೆಕಾಯಿ ಆರಿಸುವುದನ್ನು ನೋಡಿಲ್ಲ.

ಮಾವ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಪೆಡಲ್ ತುಳಿದವರು. ಮಗ್ಗಕ್ಕೆ ಅಮಾವಾಸ್ಯೆಯ ದಿನ ರಜ. ಆ ರಜೆಯಲ್ಲಿ ಮನುಷ್ಯ ಕಾಲು ಚಾಚಿ ಮಲಗುತ್ತಾನೆ ತಾನೆ? ನಮ್ಮ ಮಾವ ಸೈಕಲ್ ತುಳಿಯುತ್ತಿದ್ದರು! ಹಿಂದಿನ ಕ್ಯಾರಿಯರ್ ಮೇಲೆ ಅತ್ತೆಯನ್ನು ಕೂರಿಸಿಕೊಂಡು, ಯಳಂದೂರಿನಲ್ಲಿರುವ ಅವರ ತವರಿಗೆ ಹೋಗಿ, ಊಟ ಮಾಡಿ, ಸಂಜೆಗೆ ವಾಪಸು. ಮೂವತ್ತು ವರ್ಷ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವರಲ್ಲ. ಆ ಕ್ಯಾರಿಯರ್ ಮೇಲೆ ಸೀರೆಯ ಅಂಚಿನ ತುಂಡುಗಳಿಂದ ಹೊಲಿದ ಪುಟ್ಟ ಮೆತ್ತೆಯಿದೆ. ಅಲ್ಲಿ ತೆಂಗಿನಕಾಯಿ ಕೂಡ ಇಡುವಂತಿಲ್ಲ. ಸಂತೆಯ ಸಾಮಾನೆಲ್ಲ ಹ್ಯಾಂಡಲ್ಲಿಗೇ ತೂಗುಬೀಳಬೇಕು.

ಎರಡು ವರ್ಷದ ಹಿಂದೆ ಮಾವನ ಮೊಣಕಾಲು ಊದಿಕೊಂಡಿತು. "ಮಗ್ಗ, ಸೈಕಲ್ಲು, ಎರಡರಲ್ಲಿ ಒಂದು ಬಿಡಿ" ಎಂದರು ಡಾಕ್ಟರು. ಮಗ್ಗ ಬಿಟ್ಟರೆ ಹೊಟ್ಟೆಗೇನು? ಸ್ಕೂಟರ್ ಕಲಿಯಿರಿ ಎಂದು ನನ್ನ ಸ್ಕೂಟಿ ಕೊಟ್ಟೆ. ಹತ್ತಿದವರು ಪಕ್ಕದ ಮನೆಯ ಬಚ್ಚಲವರೆಗೆ ಹೋಗಿ, ಅಲ್ಲಿ ಸ್ನಾನ ಮಾಡುತ್ತಿದ್ದ ಯಜಮಾನರ ಯೋಗಕ್ಷೇಮ ವಿಚಾರಿಸಿ ಬಂದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಅತ್ತೆಯೂ ಅಷ್ಟು ಹೊತ್ತಿಗೆ "ಸೈಕಲ್ ಮ್ಯಾಲೆ ಕುಂತ್ರೆ ತಲೆ ಸುತ್ತು ಬತ್ತದೆ" ಎಂದು ತವರಿಗೆ ಬಸ್ಸಿನಲ್ಲಿ ಹೋಗತೊಡಗಿದ್ದರು. ಹೋಗುವ ಮುಂಚೆ ಒಂದು ಮಾತನ್ನು ಮಾತ್ರ ಪ್ರತಿ ಸಲ ಹೇಳುತ್ತಿದ್ದರು: "ಯುಗಾದಿ ಒಳ್ಗೆ ಕಿಟ್ಟೋ ಗಿಟ್ಟೋ ಆಕ್ಸಿ. ಇಲ್ದಿದ್ರೆ ಇದು ಗುಜರಿಗೇ ಸೈ."

ಯುಗಾದಿಗಳು ಬಂದವು, ಹೋದವು. ಮಾವ ಅಳೆದೂ ಸುರಿದೂ ಕಿಟ್ ನೋಡುತ್ತಲೇ ಇದ್ದರು. ಪ್ರತಿ ಸಲವೂ ಜೊತೆಗೆ ನಾನು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮೋಟಾರಿಗೂ ನನಗೂ ಏನು ಸಂಬಂಧ? "ನೀನು ಓದ್ದೋಳು ಕಣವ್ವ, ಅವ್ರು ಇಂಗ್ಲಿಸ್ನಲ್ಲಿ ಮೋಸ ಮಾಡ್ದಂಗೆ ನೋಡ್ಕೊ" ಎನ್ನುತ್ತಿದ್ದರು. ಮೋಸ ಮಾಡಲು ಅವರಿಗೆ ಅವಕಾಶ ಸಿಕ್ಕಿದ್ದರೆ ತಾನೆ!

ಮೊದಲನೆಯ ಅಂಗಡಿ ಕೊಳ್ಳೇಗಾಲದಲ್ಲೇ. ಅಂಗಡಿಯವರು ಉತ್ಸಾಹದಿಂದ ಎರಡು ಮೋಟಾರು ಇಟ್ಟು, "ಇದು ಇನ್ನೂರೈವತ್ತು ವಾಟ್ ಸಾ, ಇದು ಮುನ್ನೂರೈವತ್ತು ವಾಟ್" ಎಂದರು. ನಮ್ಮ ಕಡೆ ವಾಟ ಎಂದರೆ ಇಳಿಜಾರು, ಬಚ್ಚಲ ನೀರು ಹರಿದುಹೋಗಲು ಗಾರೆಯವರು ಕೊಡುತ್ತಾರಲ್ಲ, ಅದು. ಮಾವ ನಕ್ಕುಬಿಟ್ಟರು.

"ವಾಟ ಇದ್ರೆ ಸೈಕಲ್ಲು ತಾನಾಗೇ ಉಳ್ಳ್ಕಂಡು ಓಯ್ತದಲ್ಲಪ್ಪ! ಅದ್ಕ್ಯಾಕೆ ಮೋಟ್ರು? ನನ್ಗೆ ಬೇಕಾಗಿರೋದು ಏರ್ಗೆ."

ನಾನು ಮಧ್ಯೆ ಬಾಯಿ ಹಾಕಿ ಬಿಡಿಸಿ ಹೇಳುವಷ್ಟರಲ್ಲಿ ಮಾವ ಕಿಟ್ಟಿನ ವೈರನ್ನು ಕೈಗೆ ತೆಗೆದುಕೊಂಡಿದ್ದರು. ಬೆರಳಲ್ಲಿ ಹೊಸೆದರು. ಎಳೆದರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಯಾರಿಗೂ ತಿಳಿಯುವ ಮೊದಲೇ ತುದಿಗೆ ಕಡ್ಡಿ ಗೀರಿದರು! ರೇಷ್ಮೆ ನೂಲನ್ನು ಪರೀಕ್ಷಿಸುವುದು ಹೀಗೆಯೇ. ಅಸಲಿಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ನಕಲಿಯಾದರೆ ಕರಗಿ ಗಂಟು ಕಟ್ಟುತ್ತದೆ. ವೈರು ಕರಗಿತು, ಗಂಟು ಕಟ್ಟಿತು.

"ನೋಡ್ದಾ? ಡೂಪು" ಎಂದು ಮಾವ ನನ್ನ ಕಡೆ ತಿರುಗಿ, ಅಂಗಡಿಯವರನ್ನು ಕನಿಕರದಿಂದ ನೋಡಿ, ಮೆಟ್ಟಿಲಿಳಿದರು. ಸುಟ್ಟ ವೈರಿನ ವಿಷಯದಲ್ಲಿ ಅಂಗಡಿಯವರನ್ನು ಸಮಾಧಾನ ಮಾಡುವ ಕೆಲಸ ಓದಿದವಳದ್ದು.

ಎರಡನೆಯದು ಹನೂರಿನಲ್ಲಿ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ 'ಹ' ಅಕ್ಷರ ಪಠ್ಯಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ನಾನು ತರಗತಿಯಲ್ಲಿ ಉಸಿರು ಬಿಗಿಹಿಡಿದು 'ಹಾಲು, ಹಾವು, ಹನೂರು' ಎಂದು ಹೇಳಿಸಿದರೆ, ಮಕ್ಕಳು ಗೇಟು ದಾಟುವಷ್ಟರಲ್ಲಿ 'ಆಲು, ಆವು, ಅನೂರು' ಆಗಿರುತ್ತದೆ. ಸಿಟ್ಟಿನಲ್ಲಿ ನನಗೂ ಹಾಗೇ ಬರುತ್ತದೆ, ಅದು ಬೇರೆ ವಿಷಯ. ಚಕ್ರದ ನಡುವೆಯೇ ಕೂರುವ ಮೋಟಾರಿಗೆ ಹಬ್ ಮೋಟಾರು ಎನ್ನುತ್ತಾರಂತೆ. ಹನೂರಿನವರು ಅದನ್ನು ಎತ್ತಿ ತೋರಿಸಿದರು.

"ಇದು ಅಬ್ ಮೋಟ್ರು ಸಾ."

"ಯಾವ್ ಅಬ್ಬದ್ದು?"

"ಅಬ್ಬದ್ದಲ್ಲ ಸಾ, ಅಬ್."

"ಅಬ್ಬಕ್ಕೆ ಮಾತ್ರ ಓಡಂಗಿದ್ರೆ ಬ್ಯಾಡ ಕಣಪ್ಪ. ನನ್ಗೆ ಅಮಾಸೆಗೆ ಬೇಕು."

ಅಂಗಡಿಯವರು ತಾಳ್ಮೆಯ ಮನುಷ್ಯ. ಎಲ್ಲ ವಿವರಿಸಿ, ಕೊನೆಗೆ ಬ್ಯಾಟರಿ ಪೆಟ್ಟಿಗೆಯನ್ನು, ಬಸ್ಸಿನ ಮೇಲೆ ಹಾಕಿಸಿ ತಂದಿದ್ದ ಮಾವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಇಟ್ಟು, "ಇಲ್ಲಿ ಸಕ್ಕತ್ತಾಗಿ ಕುಂತ್ಕತದೆ" ಎಂದರು. ಮಾವನ ಮುಖ ಬಿಗಿಯಿತು. ಪೆಟ್ಟಿಗೆಯನ್ನು ತಾವೇ ಎತ್ತಿ ಕೆಳಗಿಟ್ಟರು.

"ಅಲ್ಲಿ ಜಾಗ ಇಲ್ಲ."

"ಖಾಲಿನೇ ಅದಲ್ಲ ಸಾ?"

"ಖಾಲಿ ಕಾಣ್ತದೆ" ಎಂದ ಮಾವ ಮೆತ್ತೆಯ ಧೂಳು ಕೊಡವಿದರು. ನನಗೆ ನಗು ಬಂತು. ಆ ಮಾತಿನ ಅರ್ಥ ಅವತ್ತು ನನಗೆ ಆಗಿರಲಿಲ್ಲ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಪಾಪ, ಆ ಅಂಗಡಿಯವರೇ ಕೌದಳ್ಳಿಯ ಹಾಲಿನವರೊಬ್ಬರ ಗುರುತು ಹೇಳಿದರು. ಅವರು ಮುಂದಿನ ಚಕ್ರಕ್ಕೆ ಮೋಟಾರು ಹಾಕಿಸಿದ್ದಾರೆ, ಹೋಗಿ ನೋಡಿ ಎಂದರು. ಹೋದೆವು. ಹಾಲಿನವರು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಸೈಕಲ್ಲನ್ನು ಹೊಗಳಿದ್ದೇ ಹೊಗಳಿದ್ದು. "ನಲ್ಲಾ ಓಡ್ತದೆ ಸಾ! ಸ್ಪೀಡು ನೋಡ್ಬೇಕು!" ಮಾವನಿಗೆ ಸ್ಪೀಡು ಬೇಕಿರಲಿಲ್ಲ. ಎಲ್ಲ ಅಂಗಡಿಯಲ್ಲೂ ಕೇಳಿದ ಒಂದೇ ಪ್ರಶ್ನೆಯನ್ನು ಇಲ್ಲೂ ಕೇಳಿದರು: "ಏರ್ ಬಂದಾಗ ಇಂದ್ಗಡೆ ಕುಂತಿರೋರು ಇಳೀಬೇಕಾ?"

"ಆಲಿನ್ ಕ್ಯಾನು ಎಲ್ಲಿ ಸಾ ಇಳಿತದೆ!" ಎಂದು ಹಾಲಿನವರು ಹೊಟ್ಟೆ ಹಿಡಿದು ನಕ್ಕರು. ಮಾವ ನಗಲಿಲ್ಲ. ಉತ್ತರ ಸಿಗದ ಕಿಟ್ಟು ಕಿಟ್ಟೇ ಅಲ್ಲ ಎನ್ನುವಂತೆ ವಾಪಸು ಹೊರಟರು.

ಕೊನೆಗೆ ಯಳಂದೂರಿನಲ್ಲಿ ಮಾವನ ಹಳೆಯ ಪರಿಚಯದ ಸೈಕಲ್ ಶಾಪಿನವರು ಸಿಕ್ಕರು. ಅವರು ಬ್ಯಾಟರಿಯನ್ನು ಕ್ಯಾರಿಯರ್ ಮುಟ್ಟದೆ, ಸೀಟಿನ ಮುಂದಿನ ಕಂಬಿಗಳ ನಡುವೆ ಕೂರಿಸುತ್ತಿದ್ದರು. ಮಾವನ ಕಣ್ಣು ಮೊದಲ ಬಾರಿಗೆ ಅರಳಿತು. ಅದೇ ಪ್ರಶ್ನೆ ಕೇಳಿದ್ದಕ್ಕೆ ಅವರು, "ನನ್ನ ಗಾಡೀಲೇ ಕೊಳ್ಳೇಗಾಲದ ಗಂಟ ಓಗ್ಬುಟ್ಟು ಬಾ. ನೀನು ತುಳುದ್ರೆ ಅದೂ ತುಳೀತದೆ, ಅಷ್ಟೇಯ" ಎಂದು ತಮ್ಮ ಸೈಕಲ್ಲನ್ನೇ ಕೊಟ್ಟರು.

"ಕುಂತ್ಕೊ" ಎಂದರು ಮಾವ ನನಗೆ.

ನಾನೇ? ಸೀರೆ ಉಟ್ಟ ಟೀಚರು, ಹಗಲು ಹೊತ್ತಿನಲ್ಲಿ, ಸೈಕಲ್ ಕ್ಯಾರಿಯರ್ ಮೇಲೆ? ಕೂತೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಾಲ್ದು" ಎಂದರು. ಎದುರಿನ ಅಂಗಡಿಯಿಂದ ರಾಗಿ ತಂದು ನನ್ನ ಮಡಿಲಿಗಿಟ್ಟರು. ಒಂದು ಸುತ್ತು ತುಳಿದು, ಇಳಿದು, ಚೀಲದಿಂದ ಎರಡು ಸೇರು ತೆಗೆದರು. ಮತ್ತೆ ತುಳಿದು, ಕಾಲು ಸೇರು ಹಾಕಿದರು. "ಈಗ ಸರ್ಯಾಯ್ತು." ಯಾವುದಕ್ಕೆ ಸರಿಯಾಯಿತು? ಕೇಳಿದರೆ ಪೆಡಲಿನ ಮೇಲೆ ಕಾಲಿಟ್ಟರು.

ಹೊರಟೆವು. ಮಾವನ ಸಂತೋಷ ನೋಡಬೇಕಿತ್ತು! "ಆಹಾ, ಎಂಗ್ ಎಳೀತದೆ ನೋಡವ್ವ! ನಾನು ತುಳುದ್ರೆ ಅದೂ ತುಳೀತಾ ಅದೆ, ಗೊತ್ತಾಯ್ತದೆ ಕಾಲ್ಗೆ!" ಎದುರಿಗೆ ಬಂದ ಬಸ್ಸಿನ ಕಿಟಕಿಯಲ್ಲಿ ನಮ್ಮ ಹೆಡ್‌ಮಿಸ್ಸು ಕೂತಿದ್ದರು. ರಾಗಿ ಮೂಟೆ ತಬ್ಬಿಕೊಂಡ ನಾನು ಅವರಿಗೆ ನಮಸ್ಕಾರ ಹೇಗೆ ಮಾಡಲಿ? ತಲೆ ಬಗ್ಗಿಸಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮುಂದೆ ನುಸುಳುತ್ತ ಹೋದ ನಮ್ಮ ಸವಾರಿ ಕುಂತೂರಿಗೆ ಬಂದದ್ದೇ ತಡ, ಕುಂತೇಬಿಟ್ಟಿತು! ಸೈಕಲ್ಲಲ್ಲ, ಮಾವ. ಮೊಣಕಾಲು ಹಿಡಿದುಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತವರ ಮುಖದಿಂದ ಬೆವರು ಧಾರಾಕಾರ.

ನಾನು ಗಾಬರಿಯಿಂದ ಸೈಕಲ್ ಶಾಪಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಕೀ ಆಕಿದ್ರಾ ಮೇಡಮ್?"

ಬ್ಯಾಟರಿಗೆ ಹಾಕಿ ತಿರುಗಿಸಬೇಕಾದ ಕೀ ಮಾವನ ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣದ ಪಕ್ಕ ಬೆಚ್ಚಗಿತ್ತು. ಯಳಂದೂರಿನಿಂದ ಕುಂತೂರಿನವರೆಗೆ ನನ್ನನ್ನೂ ರಾಗಿಯನ್ನೂ, ಜೊತೆಗೆ ಆ ಭಾರದ ಬ್ಯಾಟರಿಯನ್ನೂ ಎಳೆದು ತಂದದ್ದು ಮಾವನ ಊದಿದ ಮೊಣಕಾಲು!

ವಾರ ಪೂರ್ತಿ ಮಾವ ಹಾಸಿಗೆ ಹಿಡಿದರು. ಮಗ್ಗ ನಿಂತಿತು. ಯುಗಾದಿಗೆ ಹತ್ತು ದಿನ ಉಳಿದಿತ್ತು. ಅತ್ತೆ ನಿಜವಾಗಿಯೂ ಗುಜರಿಯವರನ್ನು ಮನೆಗೆ ಕರೆಸಿದರು. ಅವರು ಸೈಕಲ್ಲನ್ನು ಎತ್ತಿ ಇಳಿಸಿ ನೋಡುತ್ತಿದ್ದರೆ, ಒಳಗೆ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನಗೆ ಸಂಕಟವಾಯಿತು. ಅತ್ತೆಯ ಮನಸ್ಸು ಸ್ವಲ್ಪ ಹಗುರವಾಗಲಿ, ನಕ್ಕು ಸುಮ್ಮನಾಗಲಿ ಎಂದು ರಾಗಿಯ ಕಥೆ ಹೇಳಿದೆ. ಎರಡು ಸೇರು ತೆಗೆದದ್ದು, ಕಾಲು ಸೇರು ಹಾಕಿದ್ದು, "ಈಗ ಸರ್ಯಾಯ್ತು" ಎಂದದ್ದು, ಎಲ್ಲ ಅಭಿನಯಿಸಿ ತೋರಿಸಿದೆ.

ಅತ್ತೆ ನಗಲಿಲ್ಲ. ಜಗುಲಿಯ ಮೇಲೆ ಕೂತುಬಿಟ್ಟರು.

"ನನ್ ತೂಕ ಕಣವ್ವ ಅದು" ಎಂದರು ಮೆಲ್ಲಗೆ. "ನನ್ಗ್ಯಾವ ತಲೆ ಸುತ್ತೂ ಇಲ್ಲ. ಏರ್ನಲ್ಲಿ ಅವ್ರ ಉಸ್ರು ಕೇಳಾಕಾಯ್ತಿರ್ನಿಲ್ಲ. ಮೊದ್ಲು ಕಾಲುವೆ ಸೇತುವೆ ತಾವ ಇಳ್ದು ನಡೀತಿದ್ದೆ. ಆಮೇಲೆ ಅದೂ ಬ್ಯಾಡ ಅಂತ ಬಸ್ಸಿಗೆ ಓದೆ. ಸುಳ್ಳೇಳ್ದೆ."

ಮತ್ತೆ ಎದ್ದರು. ಗುಜರಿಯವರನ್ನು ಮಜ್ಜಿಗೆ ಕೊಟ್ಟು ಕಳಿಸಿದರು. ಮರುದಿನ ಸೈಕಲ್ಲನ್ನು ಸರಕು ಆಟೋಗೆ ಹಾಕಿಸಿ, ತಾವು ಡ್ರೈವರ್ ಪಕ್ಕ ಕೂತು ಯಳಂದೂರಿಗೆ ಹೊರಟರು. "ಅದೇ ಕಂಬಿ ಮಧ್ಯದ್ದು ಆಕು. ಮೆತ್ತೆ ಮುಟ್ಬ್ಯಾಡ" ಎಂದರಂತೆ. ಅಷ್ಟೇ! ಮಾವ ಎರಡು ವರ್ಷ, ಮೂರು ತಾಲ್ಲೂಕು ಸುತ್ತಿ, ಒಂದು ವೈರು ಸುಟ್ಟು ಮಾಡದ ಆಯ್ಕೆಯನ್ನು ಅತ್ತೆ ಅಂಗಡಿಯವರು ತರಿಸಿದ ಟೀ ಆರುವ ಮೊದಲೇ ಮುಗಿಸಿದ್ದರು.

ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಮಾವ ಕೀ ಹಾಕಿದರು, ಹಾಕಿದ್ದೇನೆಯೇ ಎಂದು ನನ್ನನ್ನು ಎರಡು ಸಲ ಕೇಳಿದರು. ಅತ್ತೆ ಮೆತ್ತೆಯ ಮೇಲೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತರು. "ಕುಂತೂರಲ್ಲಿ ಕುಂತ್ಬುಟ್ರೆ ಬೇಕು" ಎಂದು ನನಗೆ ಸ್ಕೂಟಿಯಲ್ಲಿ ಹಿಂದೆ ಬರಲು ಹೇಳಿದ್ದರು. ದಾರಿಯುದ್ದಕ್ಕೂ ಅತ್ತೆಯ ಮಾತು ನನಗೂ ಕೇಳಿಸುತ್ತಿತ್ತು. ಬೇವಿನ ಹೂವು, ಹೋಳಿಗೆ ಬೇಳೆ, ತಂಗಿಯ ಮಗನ ಕೆಮ್ಮು. ಎರಡು ವರ್ಷ ಬಸ್ಸಿನಲ್ಲಿ ಹೇಳಲು ಯಾರೂ ಸಿಗದೆ ಉಳಿದಿದ್ದ ಮಾತುಗಳು.

ಕಾಲುವೆಯ ಸೇತುವೆ ಬಂತು. ಏರು ಶುರುವಾಗುತ್ತಿದ್ದಂತೆ ಅತ್ತೆ, ಹಳೆಯ ಅಭ್ಯಾಸ ನೋಡಿ, ಸದ್ದಿಲ್ಲದೆ ಜಾರಿ ಇಳಿದುಬಿಟ್ಟರು! ಮೋಟಾರು ಗುಂಯ್ ಎನ್ನುತ್ತ ಮಾವನನ್ನು ಮೇಲಕ್ಕೆ ಎಳೆಯಿತು. ಅಯ್ಯೋ, ಇವರು ಹೆಂಡತಿಯಿಲ್ಲದೆ ಯಳಂದೂರು ಸೇರುತ್ತಾರೆ ಎಂದು ನಾನು ಹಾರನ್ನಿಗೆ ಕೈ ಹಾಕಿದೆ. ಒತ್ತಬೇಕಾಗಲಿಲ್ಲ. ಮಾವ ಹಿಂದೆ ತಿರುಗಿಯೂ ನೋಡದೆ ಬ್ರೇಕು ಹಿಡಿದರು. ಸೈಕಲ್ಲನ್ನು ತಳ್ಳಿಕೊಂಡು ಇಳಿದು ವಾಪಸು ಬಂದರು.

"ಇಳ್ದಿದ್ದು ಎಂಗೊತ್ತಾಯ್ತು?" ಎಂದರು ಅತ್ತೆ, ಕಳ್ಳತನ ಸಿಕ್ಕಿಬಿದ್ದವರಂತೆ.

"ಮೂವತ್ ವರ್ಸ ತುಳ್ದಿವ್ನಿ. ಕಾಲ್ಗೆ ಗೊತ್ತಾಗಲ್ವಾ?" ಎಂದರು ಮಾವ. "ಇನ್ಮ್ಯಾಲೆ ಇಳ್ಯಂಗಿಲ್ಲ. ಅದ್ಕೇ ಇಷ್ಟೆಲ್ಲ ಮಾಡಿದ್ದು." ಆಮೇಲೆ ಮೆತ್ತೆಯನ್ನು ಅಂಗೈಯಲ್ಲಿ ಒರೆಸಿ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ನಿಂತು ಹೇಳಿದರು. "ಅತ್ತು."

ನಾನು ಕನ್ನಡ ಟೀಚರು. ಮಾವ ಹೇಳಿದ್ದು 'ಹತ್ತು' ಎಂದು ನನಗೆ ಗೊತ್ತು. ಅತ್ತೆಗೂ ಗೊತ್ತು. ಆದರೆ ಅತ್ತೆ ಮಾವ ನುಡಿದದ್ದನ್ನೇ ಮೊದಲು ಮಾಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಹತ್ತಿದರು.